ಆಯ್ತು ಅನ್ನುವವನು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಬೀದಿಯಲ್ಲಿ ನಿಂತು ಆ ಹೆಸರು ಹಿಡಿದು ಕೂಗಿದರೆ, ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಅವನೂ ಆ ಕಡೆ ಈ ಕಡೆ ನೋಡುತ್ತಿದ್ದ. ಎಲ್ಲರಿಗೂ ಅವನು ಗಂಟಣ್ಣ. ಹೆಂಡತಿ ಕೂಡ ಸಿಟ್ಟು ಬಂದಾಗ ‘ಈ ಗಂಟಣ್ಣನಿಗೆ ಗಂಟುಬಿದ್ದು ನನ್ನ ಬಾಳು ಹೀಗಾಯ್ತು’ ಎಂದು ಪಾತ್ರೆ ತೊಳೆಯುತ್ತಾ ಪಾತ್ರೆಗಳಿಗೇ ಹೇಳಿಕೊಳ್ಳುತ್ತಿದ್ದಳು.

ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವ ತಂಡದಲ್ಲಿ ಅವನ ಕೆಲಸ ಗಂಟು ಹಾಕುವುದು. ಬ್ರಷ್ಷು, ರೋಲರು, ಬಣ್ಣದ ಡಬ್ಬಿ ಯಾವುದನ್ನೂ ಮುಟ್ಟುತ್ತಿರಲಿಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಕಂಬಕ್ಕೆ ಹಗ್ಗ ಬಿಗಿಯಬೇಕು, ಇನ್ನೊಂದು ತುದಿಗೆ ಕೂರುವ ಹಲಗೆ ಕಟ್ಟಬೇಕು, ಹಲಗೆಯ ಮೇಲೆ ಕೂತವನನ್ನು ಗೋಡೆಯುದ್ದಕ್ಕೂ ನಿಧಾನವಾಗಿ ನೆಲದ ತನಕ ಇಳಿಸಬೇಕು. ಹಗ್ಗವನ್ನು ಕಂಬಕ್ಕೆ ಸುತ್ತು ಹಾಕಿ ಹಿಡಿದರೆ ಭಾರವನ್ನೆಲ್ಲ ಕಂಬವೇ ಹೊರುತ್ತದೆ; ಮನುಷ್ಯ ಅಷ್ಟಷ್ಟೇ ಸಡಿಲ ಬಿಡುತ್ತಾ ಹೋದರಾಯಿತು. ತಾರಸಿಯ ಅಂಚಿನ ಗಿಡ್ಡ ಗೋಡೆಯ ಮೇಲೆ ಹಗ್ಗ ಹಾದುಹೋಗುವ ಕಡೆ ಮಾತ್ರ ಒಂದು ಗೋಣಿಚೀಲ ಮಡಚಿ ಹಾಕಬೇಕು. ಹಾಕದಿದ್ದರೆ ಸಿಮೆಂಟಿನ ಅಂಚು ಹಗ್ಗವನ್ನು ಸದ್ದಿಲ್ಲದೆ ತಿಂದುಹಾಕುತ್ತದೆ.

ಅವನು ಮೇಲೆಯೇ ಉಳಿದುಕೊಂಡದ್ದಕ್ಕೆ ಕಾರಣ ಜಾಣತನವಲ್ಲ, ಪುಕ್ಕಲುತನ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಹಲಗೆಯ ಮೇಲೆ ಕೂತು ಇಳಿದಿದ್ದ. ಕಾಲು ಗಾಳಿಯಲ್ಲಿ ತೂಗಾಡಿದ್ದೇ ತಡ, ಯಾರದೋ ಮನೆಯ ಕಿಟಕಿಯ ಸರಳನ್ನು ಅವಚಿ ಹಿಡಿದು, “ನನ್ನನ್ನ ಮೇಲಕ್ಕೆ ಎಳೀರೋ!” ಎಂದು ಬೊಬ್ಬೆ ಹೊಡೆದ. ಒಳಗೆ ತಲೆ ಬಾಚಿಕೊಳ್ಳುತ್ತಿದ್ದ ಮುದುಕಿ ಬಾಚಣಿಗೆ ಎಸೆದು ಅವನಿಗಿಂತ ಜೋರಾಗಿ ಕಿರುಚಿದಳು. ತಂಡದವರು ಆ ಕಥೆಗೆ ಪ್ರತಿ ವರ್ಷ ಒಂದೊಂದು ಹೊಸ ಮುದುಕಿಯನ್ನು ಸೇರಿಸಿ ನಗುತ್ತಿದ್ದರು. ನಿಜ ಏನೆಂದರೆ, ಇನ್ನೊಬ್ಬರ ಕೈಯನ್ನು ನಂಬುವುದು ಅವನಿಗೆ ಬರುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ಕೂತರೂ ಡ್ರೈವರಿಗಿಂತ ಮೊದಲು ತಾನೇ ನೆಲಕ್ಕೆ ಕಾಲು ಒತ್ತಿ ಬ್ರೇಕು ಹಾಕುತ್ತಿದ್ದ. ಅಂಥವನು ಗಂಟು ಹಾಕಿದರೆ ಹೇಗಿರುತ್ತದೆ ಹೇಳಿ. ತನ್ನ ಭಯವನ್ನೆಲ್ಲ ಸೇರಿಸಿ ಬಿಗಿಯುತ್ತಿದ್ದ. ಅವನ ಹಗ್ಗದಲ್ಲಿ ಇಳಿಯಲು ತಂಡದವರು ನಾ ಮುಂದು ತಾ ಮುಂದು ಎನ್ನುತ್ತಿದ್ದರು.

ಈ ಕಸುಬಿನಲ್ಲಿ ಒಂದು ರೂಢಿ ಇದೆ. ಇಳಿಯುವವನು ಗಂಟನ್ನು ನೋಡುವುದಿಲ್ಲ. ಕಂಬಕ್ಕೆ ಬೆನ್ನು ಹಾಕಿ, ಹಲಗೆಯ ಮೇಲೆ ಕೂತು, “ಆಯ್ತಾ?” ಎಂದು ಕೇಳುತ್ತಾನೆ. ಮೇಲಿನವನು, “ಆಯ್ತು, ಹೋಗು,” ಅನ್ನುತ್ತಾನೆ. ಅಷ್ಟೇ. ಬಗ್ಗಿ ನೋಡಿದರೆ ಮೇಲಿನವನ ಕೆನ್ನೆಗೆ ಬಾರಿಸಿದಷ್ಟೇ ಅವಮಾನ. ನೋಡಿದರೆ ಗಂಟೇನು ಸವೆದುಹೋಗುತ್ತದೆಯೇ ಎಂದು ನೀವು ಕೇಳಬಹುದು. ನನ್ನನ್ನು ಕೇಳಿದರೆ ಇದೊಂದು ತಲೆಕೆಟ್ಟ ರೂಢಿ. ಆದರೆ ಅವರ ಮಾತೇ ಬೇರೆ. ಅನುಮಾನ ಇಟ್ಟುಕೊಂಡು ಇಳಿದವನು ಗೋಡೆ ನೋಡುವುದಿಲ್ಲ, ಮತ್ತೆ ಮತ್ತೆ ಮೇಲೆ ನೋಡುತ್ತಾನೆ, ಮೇಲೆ ನೋಡುತ್ತಾ ಕೆಲಸ ಮಾಡಿದವನು ಎಡವುತ್ತಾನೆ ಎನ್ನುತ್ತಾರೆ. ಗಾಳಿಯಲ್ಲಿ ನೇತಾಡುವವರ ಜೊತೆ ನೆಲದ ಮೇಲೆ ನಿಂತು ನಾನು ವಾದ ಮಾಡಲಾರೆ.

ಅವನನ್ನು ಈ ಕೆಲಸಕ್ಕೆ ಸೇರಿಸಿದ್ದು ಭಾವ, ಅಕ್ಕನ ಗಂಡ. ಭಾವ ಮಹಾ ಮಾತುಗಾರ. ಹಲಗೆಯ ಮೇಲೆ ಕೂತು ಇಳಿಯುತ್ತಾ ಪ್ರತಿ ಕಿಟಕಿಯವರ ಜೊತೆಗೂ ಹರಟೆ ಹೊಡೆದು, ಅವರ ಅಡುಗೆಯ ವಾಸನೆಗೆ ನಂಬರು ಕೊಟ್ಟು, ನೆಲ ಮುಟ್ಟುವಷ್ಟರಲ್ಲಿ ಇಡೀ ಕಟ್ಟಡದ ನೆಂಟನಾಗಿರುತ್ತಿದ್ದ. ಅವನಿಗೆ ಹಗ್ಗ ಹಿಡಿಯುವವನು ಗಂಟಣ್ಣನೇ ಆಗಬೇಕು. ಬೇರೆಯವರು ಹಿಡಿದರೆ ಬಣ್ಣ ಚೆನ್ನಾಗಿ ಬರುವುದಿಲ್ಲ ಎಂದು ಮೇಸ್ತ್ರಿಯ ಹತ್ತಿರ ಸುಳ್ಳು ಹೇಳುತ್ತಿದ್ದ.

ಆ ದಿನವೂ ಬೇರೆ ದಿನಗಳಂತೆಯೇ ಇತ್ತು. ಒಂದು ಕಟ್ಟಡದ ಹಿಂಭಾಗದ ಗೋಡೆ, ತಿಳಿ ಹಳದಿ ಬಣ್ಣ. ಭಾವ ಹಲಗೆಯ ಮೇಲೆ ಕೂತು, “ಆಯ್ತಾ?” ಅಂದ. ಗಂಟಣ್ಣ, “ಆಯ್ತು, ಹೋಗಿ ಭಾವ,” ಅಂದ. ಗೋಡೆಯ ಅರ್ಧಕ್ಕೆ ಇಳಿದಾಗ ಹಗ್ಗ ಹಿಡಿದಿದ್ದ ಅವನ ಕೈ ಇದ್ದಕ್ಕಿದ್ದಂತೆ ಹಗುರವಾಯಿತು. ಆ ಹಗುರವನ್ನು ಅವನು ಜನ್ಮದಲ್ಲಿ ಮರೆಯಲಾರ. ಆಮೇಲೆ ಕೆಳಗಿನಿಂದ ತಗಡಿನ ಸದ್ದು ಕೇಳಿಸಿತು, ಆಮೇಲೆ ಜನರ ಕೂಗು. ಬೈಕು ನಿಲ್ಲಿಸುವ ಕಡೆ ಹೊದಿಸಿದ್ದ ತಗಡಿನ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಉರುಳಿದ್ದರಿಂದ ಭಾವ ಉಳಿದ. ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದಿದ್ದವು.

ಕಂಬದ ಗಂಟು ಕದಲಿರಲಿಲ್ಲ. ಹಲಗೆಯ ಗಂಟೂ ಗಟ್ಟಿಯಾಗಿಯೇ ಇತ್ತು. ಹಗ್ಗ ತುಂಡಾದದ್ದು ಗಿಡ್ಡ ಗೋಡೆಯ ಅಂಚಿನಲ್ಲಿ. ಅಲ್ಲಿ ಗೋಣಿಚೀಲ ಇರಲಿಲ್ಲ. ಕೆಳಗೆ ಅಂಗಳದಲ್ಲಿ ಒಂದು ಚೀಲ ಬಿದ್ದಿತ್ತು ನಿಜ. ಆದರೆ ಆ ಅಂಗಳದ ತುಂಬ ಚೀಲಗಳೇ ಇದ್ದವು. ಹಾಕಿದ ಚೀಲ ಜಾರಿ ಬಿತ್ತೋ, ಅವನು ಹಾಕಿಯೇ ಇರಲಿಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಎಲ್ಲರಿಗಿಂತ ಹೆಚ್ಚಾಗಿ ಅವನಿಗೇ ಗೊತ್ತಾಗಲಿಲ್ಲ. ನಾವು ಮನೆಗೆ ಬೀಗ ಹಾಕಿ ರಸ್ತೆಯ ತಿರುವಿಗೆ ಬಂದ ಮೇಲೆ ‘ಹಾಕಿದೆನಾ?’ ಎಂದು ನಿಲ್ಲುತ್ತೇವಲ್ಲ, ಹಾಗೆ. ನಾವಾದರೆ ವಾಪಸು ಹೋಗಿ ಬೀಗ ಎಳೆದು ನೋಡಬಹುದು. ಅವನು ಎಲ್ಲಿಗೆ ಹೋಗಿ ನೋಡಬೇಕು? ಗೋಣಿ ಮಡಚಿದ್ದು ಕಣ್ಣ ಮುಂದೆ ಬರುತ್ತಿತ್ತು. ಆದರೆ ಅದು ಆವತ್ತಿನದೋ ಹಿಂದಿನ ದಿನದ್ದೋ ಹೇಳಲಾಗುತ್ತಿರಲಿಲ್ಲ. ಸ್ಪಷ್ಟವಾಗಿ ನೆನಪಿದ್ದದ್ದು ಒಂದೇ, ತಾನು ‘ಆಯ್ತು’ ಅಂದದ್ದು.

ಆ ಮಾತು ಅವನ ಬಾಯಿಂದ ಹೊರಟೇಹೋಯಿತು. “ಊಟ ಆಯ್ತಾ?” ಎಂದು ಯಾರಾದರೂ ಕೇಳಿದರೆ ತಲೆ ಆಡಿಸುತ್ತಿದ್ದ, ಇಲ್ಲವೇ “ಹೂಂ” ಅನ್ನುತ್ತಿದ್ದ. ಮನೆಯಲ್ಲಿ ನಲ್ಲಿ ತಿರುಗಿಸಿ ನೋಡುವುದು, ಒಲೆಯ ಗುಂಡಿ ಮುಟ್ಟಿ ನೋಡುವುದು, ಕುರ್ಚಿಯ ಕಾಲು ಅಲ್ಲಾಡಿಸಿ ಆಮೇಲೆ ಕೂರುವುದು ಶುರುವಾಯಿತು. ಮೊದಮೊದಲು ಹೆಂಡತಿ ರೇಗಿದಳು. ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ಅವನು ಅಡುಗೆಮನೆಯ ಬಾಗಿಲಿಗೆ ಬಂದ ಕೂಡಲೇ ಕೈ ಹಿಡಿದು, “ಬನ್ನಿ, ಇಬ್ಬರೂ ಸೇರಿ ನೋಡೋಣ,” ಎಂದು ಒಲೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. ಅವಳ ಕಣ್ಣಲ್ಲಿ ನೀರಿರುತ್ತಿತ್ತು, ಅವನು ಗುಂಡಿಯನ್ನಷ್ಟೇ ನೋಡುತ್ತಿದ್ದ.

ಭಾವ ಆಸ್ಪತ್ರೆಯಲ್ಲಿದ್ದಷ್ಟು ದಿನವೂ, ಮನೆಗೆ ಬಂದು ಮಂಚ ಹಿಡಿದ ಮೇಲೂ ಗಂಟಣ್ಣ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದ. ಅಕ್ಕ ಬಾಗಿಲು ತೆಗೆಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಚಹಾ ಮಾಡಿ ಕೊಡುತ್ತಿದ್ದಳು. ಕೊಡುತ್ತಿದ್ದಳು ಎಂದರೆ ಲೋಟವನ್ನು ಅವನಿಂದ ಒಂದಿಷ್ಟು ದೂರದಲ್ಲಿ ನೆಲದ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಅವನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು, ಅವನು ಬಿದ್ದರೆ ತಾನು ಅತ್ತವಳು. ಬೈದಿದ್ದರೆ, ನಾಲ್ಕು ಬಾರಿಸಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. 

ಭಾವನ ಬಾಯಿ ಮಾತ್ರ ಮುರಿದಿರಲಿಲ್ಲ. “ನಿನ್ನ ಗಂಟು ಗಟ್ಟಿಯಾಗೇ ಇತ್ತಂತಲ್ಲೋ. ಹೆಸರು ಉಳಿಸ್ಕೊಂಡೆ ಬಿಡು,” ಅನ್ನುತ್ತಿದ್ದ. ಒಂದು ದಿನ ಗಂಟಣ್ಣ ತಡೆಯಲಾರದೆ ಕೇಳಿಯೇಬಿಟ್ಟ.

“ಭಾವ, ನಿಜ ಹೇಳಿ. ಆವತ್ತು ನಾನು ಗೋಣಿ ಹಾಕಿದ್ನಾ?”

“ನನ್ನನ್ನ ಕೇಳ್ತೀಯಲ್ಲ ಮಾರಾಯ. ನಾನು ಯಾವತ್ತು ನೋಡಿದ್ದೀನಿ?”

“ಹಾಕಿರ್ಲಿಲ್ಲ ಅಂತಾನೇ ಇಟ್ಕೊಳ್ಳಿ. ಆಗ?”

“ಹಾಕಿರ್ಲಿಲ್ಲ ಅಂದ್ರೆ ಮರೆತೆ,” ಅಂದ ಭಾವ. “ಹಾಕಿದ್ದೆ ಅಂದ್ರೆ ಜಾರ್ತು. ಎರಡರಲ್ಲೂ ನೀನು ನೀನೇ ಅಲ್ವಾ? ನನ್ನನ್ನ ಈ ಕಡೆಗೆ ಸ್ವಲ್ಪ ಹೊರಳಿಸು, ಬೆನ್ನು ಉರೀತಿದೆ.”

ಅವನು ಹೊರಳಿಸಿದ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಹಾಗೇ ಒಳಗೆ ಹೋದಳು.

ಮೇಸ್ತ್ರಿ ಕೆಟ್ಟವನಲ್ಲ. ಭಾವ ಬಿದ್ದ ಮೇಲೆ ಎಲ್ಲರಿಗೂ ಸೊಂಟದ ಬೆಲ್ಟು ತಂದ. ಬೀಳುವ ಮೊದಲೇ ತರಬಾರದಿತ್ತೇ ಎಂದು ಕೇಳಿದರೆ ತಲೆ ತಗ್ಗಿಸುತ್ತಾನೆ, ಅಷ್ಟರಮಟ್ಟಿಗೆ ಒಳ್ಳೆಯವನು. ಆ ಬೆಲ್ಟಿಗೂ ಒಂದು ಹಗ್ಗ ಬೇಕು, ಅದನ್ನು ಕಟ್ಟುವವನೂ ಮೇಲಿನವನೇ. ಗಂಟಣ್ಣನನ್ನು ಅವನು ಕೆಲಸದಿಂದ ತೆಗೆಯಲಿಲ್ಲ. ಕೆಳಗೆ ನಿಂತು ಹಳೇ ಬಣ್ಣ ಕೆರೆಯುವುದಕ್ಕೆ ಹಾಕಿದ. ಕೆಲವು ತಿಂಗಳಾದ ಮೇಲೆ, ಕೈ ಕಟ್ಟಿಕೊಂಡಿದ್ದರೆ ತುಕ್ಕು ಹಿಡಿಯುತ್ತದೆ ಎಂದು ಬಲವಂತದಿಂದ ತಾರಸಿಗೆ ಹತ್ತಿಸಿದ.

ಗಂಟಣ್ಣ ಹಗ್ಗ ಬಿಗಿದ, ಗೋಣಿ ಹಾಕಿದ. ಇಳಿಯಬೇಕಾಗಿದ್ದವನು ಹಳೆಯ ಪೇಂಟರ್, ಅವನ ಕೈಯಲ್ಲೇ ಎಷ್ಟೋ ವರ್ಷ ಇಳಿದವನು. ಆ ಪೇಂಟರ್ ಹಲಗೆಯ ಮೇಲೆ ಕೂರಲಿಲ್ಲ. ಬಗ್ಗಿ ಗಂಟು ನೋಡಿದ. ಗೋಣಿ ಎತ್ತಿ ನೋಡಿ ಹಾಕಿದ. ಮತ್ತೆ ಕಂಬದ ಹತ್ತಿರ ಹೋಗಿ ನೋಡಿದ. ತಾರಸಿಯ ಮೇಲಿದ್ದವರೆಲ್ಲ ಬೇರೆ ಕಡೆ ಮುಖ ತಿರುಗಿಸಿದರು. ಕೊನೆಗೆ ಆ ಪೇಂಟರ್, “ಬೇಡ ಗಂಟಣ್ಣ. ಮನೇಲಿ ಮಕ್ಕಳಿದಾವೆ,” ಎಂದು ಮೆಟ್ಟಿಲಿಳಿದು ಹೋದ.

ಗಂಟಣ್ಣನಿಗೆ ಸಿಟ್ಟು ಬರಲಿಲ್ಲ. ತನ್ನನ್ನು ಸರಿಯಾಗಿ ತಿಳಿದುಕೊಂಡವನು ಅವನೊಬ್ಬನೇ ಅನ್ನಿಸಿತು. ಹಾಕಿದ ಗಂಟನ್ನು ತಾನೇ ಬಿಚ್ಚಿ, ಹಗ್ಗ ಸುತ್ತಿಟ್ಟು, ಇನ್ನು ಮೇಲೆ ಹತ್ತುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿದ. ಆ ಕೈಗಳಿಗೆ ಬೇರೇನೂ ಬರುತ್ತಿರಲಿಲ್ಲ. ಮನುಷ್ಯನಿಗೆ ಬರುವುದು ಒಂದೇ ಕೆಲಸವಾಗಿ, ಅದನ್ನು ಮಾಡಲು ತಾನು ಯೋಗ್ಯನಲ್ಲ ಎಂದು ಅವನೇ ತೀರ್ಪು ಕೊಟ್ಟುಕೊಂಡರೆ, ಅವನನ್ನು ಕಾಪಾಡುವುದು ಕಷ್ಟ. ಊಟ ಕಡಿಮೆಯಾಯಿತು. ಭಾವನ ಮನೆಗೆ ಹೋಗುವುದೂ ನಿಂತಿತು.

ಆ ಹಳದಿ ಗೋಡೆ ಇನ್ನೂ ಅರ್ಧಕ್ಕೇ ನಿಂತಿತ್ತು. ಮೇಲಿನರ್ಧ ಹೊಸದು, ಕೆಳಗಿನರ್ಧ ಮಸಿ ಹಿಡಿದ ಹಳೇ ಬಿಳಿ. ನಡುವೆ ಭಾವನ ಬ್ರಷ್ಷಿನ ಕೊನೆಯ ಗೆರೆ ಕೆಳಮುಖವಾಗಿ ಜಾರಿತ್ತು. ತಂಡದಲ್ಲಿ ಯಾರೂ ಆ ಗೋಡೆಗೆ ಕೈ ಹಾಕಲು ಒಪ್ಪಿರಲಿಲ್ಲ. ಕಟ್ಟಡದವರು ಮೇಸ್ತ್ರಿಯ ಪ್ರಾಣ ಹಿಂಡುತ್ತಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ಮೇಸ್ತ್ರಿ ಗಂಟಣ್ಣನ ಮನೆ ಬಾಗಿಲಿಗೆ ಬಂದು, “ನಿನ್ನ ಭಾವ ಕೋಲು ಹಿಡ್ಕೊಂಡು ಆ ತಾರಸಿ ಹತ್ತಿ ಕೂತಿದ್ದಾನೆ. ನೀನು ಬರೋ ತನಕ ಇಳಿಯಲ್ವಂತೆ. ಬಾ,” ಅಂದ.

ಹೋಗಿ ನೋಡಿದರೆ ಭಾವ ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಕಾಲು ನೀಡಿಕೊಂಡು ಕೂತಿದ್ದ. ಮೆಟ್ಟಿಲು ಹತ್ತಿದ ನೋವಿಗೆ ಮುಖವೆಲ್ಲ ಬೆವರಿತ್ತು. ಪಕ್ಕದಲ್ಲಿ ಹೊಸ ಹಗ್ಗ, ಬೆಲ್ಟು, ಹಲಗೆ, ಹಲಗೆಗೆ ತೂಗುಹಾಕಿದ ಹಳದಿ ಬಣ್ಣದ ಡಬ್ಬಿ, ಬ್ರಷ್ಷು.

“ನನ್ನ ಗೋಡೆ ನಾನೇ ಮುಗಿಸ್ತೀನಿ. ಹಲಗೆ ಮೇಲೆ ಕೂರೋಕೆ ಕಾಲು ಯಾಕೆ ಬೇಕು? ಕಟ್ಟು,” ಅಂದ.

“ನನ್ನ ಕೈಲಾಗಲ್ಲ ಭಾವ. ಬೇರೆ ಯಾರನ್ನಾದ್ರೂ ಕರೀರಿ. ನನಗೆ ನನ್ನ ಮೇಲೇ ನಂಬಿಕೆ ಇಲ್ಲ.”

“ಅದು ನಿನಗೆ ಯಾವತ್ತಿತ್ತು?” ಭಾವ ನಕ್ಕ. “ನಿನಗೆ ಯಾರ ಮೇಲೂ ಇರ್ಲಿಲ್ಲ. ಇಷ್ಟು ವರ್ಷ ನಾವೆಲ್ಲ ನಿನ್ನ ಕೈ ನಂಬಿ ಇಳಿದ್ವಿ. ನೀನು ಒಂದ್ಸಲನಾದ್ರೂ ಯಾರ ಕೈನಾದ್ರೂ ನಂಬಿದ್ದೀಯೇನೋ? ಸರಿ, ನನ್ನನ್ನ ಇಳಿಸೋಕಾಗಲ್ಲ ಅಂದ್ರೆ ನೀನೇ ಕೂತ್ಕೋ. ನಾನು ಕಟ್ತೀನಿ.”

ಗಂಟಣ್ಣ ಇದು ತಮಾಷೆ ಅಂದುಕೊಂಡ. ಭಾವ ಆಗಲೇ ಕೋಲು ಊರಿ ಎದ್ದು, ಕಂಬಕ್ಕೆ ಹಗ್ಗ ಸುತ್ತುತ್ತಿದ್ದ. ಗಂಟಣ್ಣ ಬೇಡ ಅನ್ನಲು ಬಾಯಿ ತೆರೆದ, ಆದರೆ ಯಾವ ಮುಖ ಇಟ್ಟುಕೊಂಡು ಅನ್ನಬೇಕು? ಬೆಲ್ಟು ಕಟ್ಟಿಕೊಂಡು, ಬೆನ್ನು ತಿರುಗಿಸಿ ಹಲಗೆಯ ಮೇಲೆ ಕೂತ. ಹಿಂದೆ ಹಗ್ಗ ಎಳೆಯುವ ಸದ್ದು, ಕೋಲು ನೆಲಕ್ಕೆ ತಾಗುವ ಸದ್ದು. ಗೋಣಿ ಹಾಕಿದರಾ? ತಿರುಗಿ ನೋಡಬೇಕೆಂದು ಕುತ್ತಿಗೆಯ ನರಗಳೆಲ್ಲ ಎಳೆಯುತ್ತಿದ್ದವು. ಜೊತೆಗೆ ಇನ್ನೊಂದು ಯೋಚನೆ ಬಂತು, ಅದಕ್ಕೆ ಅವನಿಗೇ ನಾಚಿಕೆಯಾಯಿತು. ಈ ಮನುಷ್ಯನ ಕಾಲು ಮುರಿದದ್ದು ನನ್ನಿಂದ. ಒಳಗೆ ಎಲ್ಲೋ ಒಂದು ಚೂರು ಸಿಟ್ಟಿದ್ದರೂ ಸಾಕಲ್ಲ.

“ನೋಡ್ಬೇಕಾ? ನೋಡು. ನಾನೇನೂ ಅಂದ್ಕೊಳ್ಳಲ್ಲ,” ಅಂದ ಭಾವ ಹಿಂದಿನಿಂದ. ಅದು ಚುಚ್ಚು ಮಾತಾಗಿರಲಿಲ್ಲ.

ಗಂಟಣ್ಣ ನೋಡಲಿಲ್ಲ. “ಆಯ್ತಾ?” ಎಂದು ಕೇಳಿದ, ಕೇಳಿದ್ದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

“ಆಯ್ತು, ಹೋಗು.”

ಅಂಚು ದಾಟಿದಾಗ ಕಣ್ಣು ಮುಚ್ಚಿಕೊಂಡ. ಹಗ್ಗ ಒಂದೇ ಸಮನೆ, ಕುಲುಕದೆ ಇಳಿಯುತ್ತಿತ್ತು. ಒಂದು ಕಿಟಕಿ ಹೋಯಿತು, ಇನ್ನೊಂದು ಹೋಯಿತು. ಮೇಲಿಂದ ಭಾವನ ದನಿ ಬಂತು. “ಆ ಕಿಟಕೀಲಿ ಮುದುಕಿ ಇದ್ರೆ ನಮಸ್ಕಾರ ಹೇಳು!” ಗಂಟಣ್ಣನಿಗೆ ಅಳುತ್ತಲೇ ನಗು ಬಂತು. ಕಣ್ಣು ಬಿಟ್ಟಾಗ ಎದುರಿಗೆ ಆ ಜಾರಿದ ಗೆರೆ ಇತ್ತು. ಕೈಯಿಟ್ಟು ಸವರಿದ. ಆವತ್ತು ಇಲ್ಲಿಯವರೆಗೆ ಭಾವ ಗೋಡೆಯನ್ನೇ ನೋಡುತ್ತಿದ್ದ. ಮೇಲೆ ನೋಡಿರಲಿಲ್ಲ. ಗಂಟಣ್ಣ ಬ್ರಷ್ಷು ಅದ್ದಿ ಆ ಗೆರೆಯ ಮೇಲೆ ಬಳಿದ. ವಕ್ರವಾಗಿ, ಸೋರುವಂತೆ, ಯಾವ ಪೇಂಟರೂ ಒಪ್ಪದ ಹಾಗೆ ಬಳಿದ. ಹಾಗೆ ಬಳಿಯುತ್ತಿದ್ದಾಗ ಅಷ್ಟು ಹೊತ್ತೂ ತಾನು ಹಗ್ಗದ ಯೋಚನೆಯನ್ನೇ ಮಾಡಲಿಲ್ಲ ಎಂದು ಅವನಿಗೆ ಗೊತ್ತಾದದ್ದು ಕಾಲು ನೆಲಕ್ಕೆ ತಾಗಿದ ಮೇಲೆ.

ಅಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ, ಚಪ್ಪಲಿ ಕೂಡ ಹಾಕಿಕೊಂಡಿರಲಿಲ್ಲ. ಅವನು ಬೆಲ್ಟು ಬಿಚ್ಚುವುದನ್ನೂ ಕಾಯದೆ, “ಈಗ ಅವರು ಕೂರ್ತಾರೆ ಅಲ್ವಾ?” ಎಂದು ಕೇಳಿದಳು. ಅಷ್ಟು ತಿಂಗಳಾದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು.

“ನೀನು ಬೇಡ ಅನ್ನು ಅಕ್ಕ. ನೀನು ಹೇಳಿದ್ರೆ ಕೇಳ್ತಾರೆ.”

“ನಾನು ಹೇಳಿದ್ದನ್ನ ಯಾವತ್ತು ಕೇಳಿದ್ದಾರೆ?” ಎಂದು ಅವಳು ಮೆಟ್ಟಿಲು ಹತ್ತತೊಡಗಿದಳು. ಅವನು ಬೆಲ್ಟು ಬಿಚ್ಚಿ ಹಿಂದೆ ಹೋದ.

ಮೇಸ್ತ್ರಿ ಹಲಗೆಯನ್ನು ಮೇಲಕ್ಕೆ ಎಳೆದಿದ್ದ, ಭಾವ ಆಗಲೇ ಇನ್ನೊಂದು ಬೆಲ್ಟು ಕಟ್ಟಿಕೊಂಡು ತಯಾರಾಗಿದ್ದ. ಹೆಂಡತಿಯನ್ನು ಕಂಡು, “ಓ, ಇವತ್ತು ಜನ ಜಾಸ್ತಿ,” ಎಂದ. ಅವಳು ನಗಲಿಲ್ಲ. ಗಂಟಣ್ಣ ಭಾವ ಹಾಕಿದ್ದ ಗಂಟುಗಳನ್ನೆಲ್ಲ ಬಿಚ್ಚಿ ಮೊದಲಿನಿಂದ ಕಟ್ಟಿದ. ಗೋಣಿ ಮಡಚಿ ಅಂಚಿನ ಮೇಲೆ ಹಾಕಿದ. ಹಾಕಿದೆ ಎಂದು ತನಗೆ ತಾನೇ ಹೇಳಿಕೊಂಡ. ಮುಟ್ಟಿ ನೋಡಿದ. ಎರಡು ಹೆಜ್ಜೆ ಇಟ್ಟು ವಾಪಸು ಬಂದು ಮತ್ತೆ ಮುಟ್ಟಿ ನೋಡಿದ.

ಆಗ ಅಕ್ಕ ಮುಂದೆ ಬಂದಳು. ಕಂಬದ ಗಂಟನ್ನು ಬಗ್ಗಿ ನೋಡಿ, ಬಲವಾಗಿ ಎಳೆದಳು. ಬೆಲ್ಟಿನ ಹಗ್ಗ ನೋಡಿದಳು. ಹಲಗೆಯ ಗಂಟು ನೋಡಿದಳು. ಮೇಸ್ತ್ರಿ, “ಹಾಗೆಲ್ಲ ನೋಡ್ಬಾರ್ದಮ್ಮ,” ಎಂದು ಗೊಣಗಿದ.

“ನಾನೇನು ಪೇಂಟರಲ್ಲ. ನಾನು ನೋಡ್ತೀನಿ,” ಎಂದಳು ಅವಳು. ಆಮೇಲೆ ತಮ್ಮನ ಕಡೆ ತಿರುಗಿದಳು. “ನನಗೆ ನಿನ್ನ ಮೇಲೆ ನಂಬಿಕೆ ಇಲ್ಲ ಕಣೋ. ಸುಳ್ಳು ಯಾಕೆ ಹೇಳ್ಲಿ. ನನಗೆ ಇವರ ಮೇಲಿದೆ. ಇವರಿಗೆ ನಿನ್ನ ಮೇಲಿದೆ. ನಾನೇನು ಮಾಡ್ಲಿ, ಹೇಳು?”

ಹಳೆಯ ಪೇಂಟರ್ ಗಂಟು ನೋಡಿದಾಗ ಗಂಟಣ್ಣ ಅರ್ಧ ಸತ್ತಿದ್ದ. ಈಗ ಅಕ್ಕ ನೋಡಿದಾಗ ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಸ್ವಲ್ಪ ಸರಿದು ಜಾಗ ಬಿಟ್ಟ ಹಾಗಾಯಿತು. ಅಕ್ಕ ಗಿಡ್ಡ ಗೋಡೆಯ ಪಕ್ಕ ಮಂಡಿಯೂರಿ ಕೂತು, ಹಗ್ಗದ ಎರಡೂ ಕಡೆ ಕೈಯಿಟ್ಟು ಗೋಣಿಯನ್ನು ಜಾರದಂತೆ ಒತ್ತಿ ಹಿಡಿದಳು. ಇನ್ನು ಅಲ್ಲಿಂದ ಏಳುವವಳಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ಭಾವ ಕೋಲನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಕಂಬಕ್ಕೆ ಬೆನ್ನು ಹಾಕಿ ಹಲಗೆಯ ಮೇಲೆ ಕೂತ. ಮುರಿದು ಕೂಡಿದ ಕಾಲನ್ನು ಕೈಯಿಂದ ಎತ್ತಿ ಇಟ್ಟುಕೊಂಡ.

“ಆಯ್ತಾ?” ಅಂದ.

ಗಂಟಣ್ಣ ಹಗ್ಗ ಹಿಡಿದು ನಿಂತಿದ್ದ. ಆವತ್ತು ಗೋಣಿ ಹಾಕಿದ್ದನೋ ಇಲ್ಲವೋ ಅದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ಸಾಯುವ ತನಕವೂ ಗೊತ್ತಾಗುವುದಿಲ್ಲ. ಅಕ್ಕ ಗೋಣಿಯ ಮೇಲಿನ ಕೈ ತೆಗೆಯದೆ ಅವನ ಕಡೆ ನೋಡುತ್ತಿದ್ದಳು. ಭಾವ ಮತ್ತೊಮ್ಮೆ ಕೇಳಲಿಲ್ಲ, ಅವಸರ ಮಾಡಲಿಲ್ಲ. ಬೆನ್ನು ತೋರಿಸಿಕೊಂಡು ಸುಮ್ಮನೆ ಕಾದ.

“ಆಯ್ತು,” ಅಂದ ಗಂಟಣ್ಣ. “ಆಯ್ತು, ಹೋಗಿ ಭಾವ.”

ಹಗ್ಗ ಬಿಗಿಯಾಯಿತು. ಭಾರ ಕೈಗೆ ಬಂತು. ಅವನು ಅಷ್ಟಷ್ಟೇ ಸಡಿಲ ಬಿಟ್ಟ, ಭಾವ ತಿರುಗಿ ನೋಡಲಿಲ್ಲ.